ಗದ್ದೆಯಿಂದ ಕಾನಿನವರೆಗೆ: ಮಲೆನಾಡಿನ ಜಲಮೂಲ ತೋರಿಸುವ ಕಾಲ್ನಡಿಗೆ

ಸೊರಬ: ಮಲೆನಾಡು ಎಂದೊಡನೆ ಪಟ್ಟಣವಾಸಿಗಳ ಕಣ್ಣಮುಂದೆ ನಿಲ್ಲುವುದು ಜಲಪಾತ, ಘಟ್ಟದ ತಿರುವುಗಳು ಹಾಗೂ ಮಂಜು ಮುಸುಕಿದ ಬೆಟ್ಟಗಳು. ವಾಹನದಲ್ಲಿ ಹಾದುಹೋಗುವವರಿಗೆ ರಸ್ತೆಯ ಎರಡೂ ಬದಿಯ ಹಸಿರು ಒಂದೇ ಬಗೆಯ ಕಾಡಾಗಿ ತೋರುತ್ತದೆ. ಆದರೆ ಶಿವಮೊಗ್ಗ ಜಿಲ್ಲೆಯ ಸೊರಬ, ಸಾಗರ ಹಾಗೂ ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ, ಶಿರಸಿ ತಾಲ್ಲೂಕುಗಳ ಯಾವುದೇ ಹಳ್ಳಿಯಲ್ಲಿ ಇಳಿದು ಒಂದೆರಡು ಗಂಟೆ ಕಾಲ್ನಡಿಗೆಯಲ್ಲಿ ಸಾಗಿದರೆ ಆ ಹಸಿರು ಹಲವು ಪದರಗಳಾಗಿ ಬಿಡಿಸಿಕೊಳ್ಳುತ್ತದೆ. ಗದ್ದೆ, ಕೆರೆ, ತೋಟ, ಬೇಣ, ಸೊಪ್ಪಿನಬೆಟ್ಟ ಇವೆಲ್ಲವನ್ನೂ ದಾಟಿದ ಮೇಲೆ ಸಿಗುವುದೇ ‘ಕಾನು’. ಊರಿನ ನೀರಿನ ಲೆಕ್ಕ ಆರಂಭವಾಗುವುದು ಅಲ್ಲಿಂದ.

ಕಾನು ಎಂದರೇನು?

ಮಳೆ ಅತಿ ಹೆಚ್ಚು ಬೀಳುವ ಘಟ್ಟದ ಅಂಚಿನಲ್ಲಿ ನಿತ್ಯಹರಿದ್ವರ್ಣದ ಕಾಡು ಇರುವುದು ಸಹಜ. ಅಲ್ಲಿಂದ ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗಿ, ಬೇಸಿಗೆಯಲ್ಲಿ ಎಲೆ ಉದುರಿಸುವ ಮತ್ತಿ, ಹೊನ್ನೆ, ನಂದಿ, ತೇಗದ ಕಾಡು ಕಾಣಿಸಿಕೊಳ್ಳುತ್ತದೆ. ಈ ಎಲೆ ಉದುರುವ ಕಾಡಿನ ನಡುವೆ, ಕಣಿವೆಗಳ ನೆತ್ತಿಯಲ್ಲಿ ಅಲ್ಲಲ್ಲಿ ದ್ವೀಪಗಳಂತೆ ಉಳಿದಿರುವ ದಟ್ಟ ನಿತ್ಯಹಸಿರಿನ ತುಂಡುಗಳೇ ಕಾನುಗಳು. ಕೆಲವು ಹತ್ತಾರು ಎಕರೆಯಷ್ಟಿದ್ದರೆ ಕೆಲವು ನೂರಾರು ಎಕರೆಗೆ ಹಬ್ಬಿವೆ.

ಇವು ಮನುಷ್ಯರ ಕೈ ಸೋಕದ ಕಾಡುಗಳೇನಲ್ಲ. ಕುಮ್ರಿ ಬೇಸಾಯಕ್ಕಾಗಿ ಸುತ್ತಲಿನ ಕಾಡನ್ನು ಕಡಿದು ಸುಟ್ಟ ಕಾಲದಲ್ಲೂ ಊರವರು ಈ ತುಂಡುಗಳನ್ನು ಮುಟ್ಟದೆ ಉಳಿಸಿಕೊಂಡರು ಎಂಬುದು ಪರಿಸರ ವಿಜ್ಞಾನಿಗಳಾದ ಎಂ.ಡಿ. ಸುಭಾಷ್ ಚಂದ್ರನ್ ಹಾಗೂ ಮಾಧವ ಗಾಡ್ಗೀಳ್ ಅವರ ವಾದ. ಕಾನುಗಳನ್ನು ಅವರು ‘ಸುರಕ್ಷಾ ಅರಣ್ಯ’ಗಳೆಂದು ಗುರುತಿಸಿದ್ದಾರೆ. ನೀರು, ಕಾಳುಮೆಣಸು, ಬೆತ್ತ, ಬೈನೆ ಮರದ ಕಳ್ಳು, ಹುಳಿ ಹಣ್ಣುಗಳು, ಔಷಧಿ ಎಲ್ಲಕ್ಕೂ ಕಾನೇ ಆಸರೆಯಾಗಿತ್ತು.

ಉಳಿಸಿಕೊಳ್ಳಲು ದೈವಭಯವೂ ನೆರವಾಯಿತು. ಚೌಡಿ, ಭೂತಪ್ಪ, ಜಟಕ, ಹುಲಿದೇವರ ನೆಲೆಗಳು ಇಂದಿಗೂ ಅನೇಕ ಕಾನುಗಳಲ್ಲಿವೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಕಾಡುಗಳು ಊರದೇವರ ಸೊತ್ತೆಂದು ಜನ ನಂಬಿರುವುದನ್ನೂ ಮರ ಕಡಿಯುವ ಮೊದಲು ಅನುಮತಿ ಕೇಳುವ ಪದ್ಧತಿ ಇರುವುದನ್ನೂ ದಾಖಲಿಸಿದ್ದಾನೆ.

ಹೆಜ್ಜೆ ಹೆಜ್ಜೆಗೂ ಬದಲಾಗುವ ನೆಲ

ನಡಿಗೆ ಸಾಮಾನ್ಯವಾಗಿ ಗದ್ದೆಯ ಬದುವಿನಿಂದ ಆರಂಭವಾಗುತ್ತದೆ. ಕಣಿವೆಯ ತಳದಲ್ಲಿ ಭತ್ತದ ಗದ್ದೆ, ಅದರ ಮೇಲ್ತುದಿಯಲ್ಲಿ ಕೆರೆ, ನೀರಿನ ಆಸರೆ ಇರುವ ತಗ್ಗಿನಲ್ಲಿ ಅಡಿಕೆ ತೋಟ. ಕೆರೆಯ ಏರಿ ಹತ್ತಿದರೆ ಮುಂದೆ ಹುಲ್ಲು ಬೆಳೆಯುವ ಬೇಣ. ದನ ಮೇಯುವ, ಗುಡಿಸಲಿಗೂ ಕೊಟ್ಟಿಗೆಗೂ ಹುಲ್ಲು ಒದಗಿಸುತ್ತಿದ್ದ ಜಾಗವದು.

ಬೇಣದಾಚೆ ಸೊಪ್ಪಿನಬೆಟ್ಟ. ಇಲ್ಲಿನ ಮರಗಳ ಆಕಾರವೇ ಅವುಗಳ ಕಥೆ ಹೇಳುತ್ತದೆ. ವರ್ಷವರ್ಷವೂ ಸೊಪ್ಪು ಸವರಿದ್ದರಿಂದ ಕೊಂಬೆಗಳು ಹರಡದೆ, ಮತ್ತಿ, ಕೌಲು, ಹೊನ್ನೆಯ ಕಾಂಡಗಳು ಕಂಬದಂತೆ ನೇರ ನಿಂತಿರುತ್ತವೆ. ಹಸಿ ಸೊಪ್ಪು ಹಾಗೂ ಉದುರಿದ ದರಕು ಕೊಟ್ಟಿಗೆ ಸೇರಿ ಗೊಬ್ಬರವಾಗಿ ತೋಟಕ್ಕೆ ಬರುತ್ತದೆ. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಬ್ರಿಟಿಷ್ ಆಡಳಿತ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟಿತ್ತು. ಒಂದು ಎಕರೆ ಅಡಿಕೆಗೆ ಎಷ್ಟು ಕಾಡಿನ ಬೆಂಬಲ ಬೇಕೆಂಬುದು ಈ ಅಂಕಿಯಿಂದ ತಿಳಿಯುತ್ತದೆ.

ಬೆಟ್ಟ ದಾಟಿ ಕಾನಿನ ಅಂಚು ಹೊಕ್ಕೊಡನೆ ಬೆಳಕು ತಗ್ಗುತ್ತದೆ, ಗಾಳಿ ತಂಪಾಗುತ್ತದೆ. ಕಾಲಡಿಯ ಜಂಬಿಟ್ಟಿಗೆಯ ಗಡಸು ಮಾಯವಾಗಿ ಕೊಳೆತ ಎಲೆಗಳ ಮೆತ್ತನೆಯ ಹಾಸು ಸಿಗುತ್ತದೆ. ಧೂಪ, ಹೈಗ, ಹಲಸು, ಮಾವು, ಉಪ್ಪಾಗೆ, ಮುರುಗಲು, ಕಾಡು ದಾಲ್ಚಿನ್ನಿ, ನಡುವೆ ಜಡೆ ಇಳಿಬಿಟ್ಟಂತೆ ಹೂಗೊಂಚಲು ತೂಗುವ ಬೈನೆ, ಮರಗಳನ್ನು ತಬ್ಬಿ ಏರಿದ ಕಾಡುಮೆಣಸಿನ ಬಳ್ಳಿ, ಕೆಳಗೆ ಬೆತ್ತದ ಮುಳ್ಳುಪೊದೆ. ಮೇಲೆ ಮಂಗಟ್ಟೆ ಹಕ್ಕಿಗಳ ಕೂಗು. ಹಣ್ಣು ನುಂಗಿ ಬೀಜವನ್ನು ದೂರಕ್ಕೊಯ್ದು ಬೀಳಿಸುವ ಈ ಹಕ್ಕಿಗಳು ಕಾಡಿನ ಬಿತ್ತನೆಯ ಕೆಲಸ ಮಾಡುತ್ತವೆ.

ನೀರು ಹುಟ್ಟುವ ಜಾಗ

ಕಾನಿನೊಳಗಿನ ತಗ್ಗಿನತ್ತ ಸಾಗಿದರೆ ಸಣ್ಣ ಒರತೆ ಅಥವಾ ಹಳ್ಳದ ತಲೆ ಎದುರಾಗುತ್ತದೆ. ಮಳೆಯ ಹನಿ ಇಲ್ಲಿ ನೇರವಾಗಿ ನೆಲಕ್ಕೆ ಅಪ್ಪಳಿಸುವುದಿಲ್ಲ. ಎತ್ತರದ ಮರ, ನಡುವಿನ ಮರ, ಪೊದೆ, ಕೊನೆಗೆ ಎಲೆಹಾಸು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಬೇರುಗಳು ಸಡಿಲಿಸಿದ ಮಣ್ಣು ಆ ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಆ ನೀರೇ ಕೆಳಗಿನ ಕೆರೆಗೆ, ತೋಟಕ್ಕೆ, ಗದ್ದೆಗೆ, ಬಾವಿಗೆ ಒದಗುವುದು.

ಈ ನಂಟು ಹೊಸ ಶೋಧವಲ್ಲ. ಕಾನುಗಳು ಒರತೆಗಳನ್ನು ಕಾಯುತ್ತವೆ, ತೇವ ಹಿಡಿದಿಡುತ್ತವೆ ಎಂದು 19ನೇ ಶತಮಾನದ ಕೊನೆಯಲ್ಲಿಯೇ ಉತ್ತರ ಕನ್ನಡದ ಅರಣ್ಯಾಧಿಕಾರಿ ವಿಂಗೇಟ್ ಬರೆದಿಟ್ಟಿದ್ದರು. ಇತ್ತೀಚಿನ ದಶಕಗಳಲ್ಲಿ ಶರಾವತಿ ಕಣಿವೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಡೆಸಿದ ಅಧ್ಯಯನಗಳೂ ಇದನ್ನೇ ತೋರಿಸಿವೆ. ನಿತ್ಯಹರಿದ್ವರ್ಣ ಕಾಡು ಉಳಿದಿರುವ ಕಡೆ ಹಳ್ಳಗಳು ವರ್ಷವಿಡೀ ಹರಿಯುತ್ತವೆ. ಕಾಡು ಕ್ಷೀಣಿಸಿದ ಕಡೆ ಮಳೆಗಾಲ ಮುಗಿದ ಕೆಲವೇ ತಿಂಗಳಲ್ಲಿ ಬತ್ತುತ್ತವೆ.

ಇದರ ಅತ್ಯಂತ ಸೂಕ್ಷ್ಮ ರೂಪವನ್ನು ಕಾಣಬೇಕಾದರೆ ಸೊರಬದ ನೆರೆಯ ಸಿದ್ದಾಪುರ ತಾಲ್ಲೂಕಿಗೆ ಹೋಗಬೇಕು. ಹೊನ್ನಾವರ–ಜೋಗ ಮಾರ್ಗದ ಸಮೀಪದ ಕತ್ತಲೆಕಾನಿನಲ್ಲಿ ರಾಮಪತ್ರೆ ಜಾತಿಯ ಮರಗಳ ಜೌಗುಗಳಿವೆ. ಸದಾ ನೀರು ನಿಂತ ನೆಲದಲ್ಲಿ ಉಸಿರಾಡಲು ಇವುಗಳ ಬೇರು ಮಡಿಸಿದ ಮೊಣಕಾಲಿನಂತೆ ಮಣ್ಣಿನಿಂದ ಮೇಲೆದ್ದಿರುತ್ತದೆ. ಗೇರು ಕುಟುಂಬಕ್ಕೆ ಸೇರಿದ ಒಂದು ಮರವನ್ನು 2000ದಲ್ಲಿ ವಿಜ್ಞಾನಿಗಳು ಇಲ್ಲಿಂದಲೇ ಹೊಸ ಪ್ರಭೇದವೆಂದು ವರ್ಣಿಸಿ, ಊರಿನ ಹೆಸರನ್ನೇ ಸೇರಿಸಿ ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಹೆಸರಿಟ್ಟರು. ಹಳ್ಳ ಒಣಗಿದರೆ ಇಂತಹ ಮರಗಳಿಗೆ ಬೇರೆ ನೆಲೆಯಿಲ್ಲ.

171 ಕಾನುಗಳ ಲೆಕ್ಕ

ಕಾನುಗಳ ಗಾತ್ರ ತಿಳಿಸುವ ಹಳೆಯ ದಾಖಲೆಯೊಂದಿದೆ. ಬ್ರಿಟಿಷ್ ಭಾರತದ ಅರಣ್ಯ ಇಲಾಖೆಯ ಮುಖ್ಯಸ್ಥ ಡೀಟ್ರಿಶ್ ಬ್ರಾಂಡಿಸ್ ಹಾಗೂ ಗ್ರಾಂಟ್ 1868ರಲ್ಲಿ ಸಲ್ಲಿಸಿದ ವರದಿಯ ಪ್ರಕಾರ ಸೊರಬ ತಾಲ್ಲೂಕೊಂದರಲ್ಲೇ 171 ಕಾನುಗಳಿದ್ದು, ಅವುಗಳ ಒಟ್ಟು ವಿಸ್ತೀರ್ಣ 32,594 ಎಕರೆ.

ಇಂದು ಅದೇ ಹೆಸರಿನ ಅನೇಕ ಸ್ಥಳಗಳಲ್ಲಿ ನಡೆದು ನೋಡಿದರೆ ಹೆಸರು ಉಳಿದು ಕಾನು ಕರಗಿರುವುದು ಕಂಡುಬರುತ್ತದೆ. ಸ್ವಾತಂತ್ರ್ಯಾನಂತರ ಪ್ಲೈವುಡ್ ಹಾಗೂ ಬೆಂಕಿಕಡ್ಡಿ ಉದ್ಯಮಕ್ಕೆ ನಿತ್ಯಹರಿದ್ವರ್ಣದ ಮರಗಳು ಹೋದವು. 1980ರ ದಶಕದಿಂದೀಚೆಗೆ ಮಲೆನಾಡಿನ ಬೇಣ–ಬೆಟ್ಟಗಳಲ್ಲಿ ಅಕೇಶಿಯಾ ನೆಡುತೋಪುಗಳು ಹಬ್ಬಿದವು. ಅಡಿಕೆ ಹಾಗೂ ಶುಂಠಿಯ ಆಸೆಗೆ ಒತ್ತುವರಿ ಏರಿತು. ಮೇಲಿನ ಕಾನು ಕರಗಿದ ಊರಿನಲ್ಲಿ ತೋಟಕ್ಕೆ ನೀರುಣಿಸಲು ಕೊಳವೆಬಾವಿಯ ಮೊರೆಹೋಗುವುದು ಅನಿವಾರ್ಯವಾಗುತ್ತದೆ.

ಸಮಸ್ಯೆಯನ್ನು ಜಟಿಲಗೊಳಿಸಿರುವುದು ದಾಖಲೆಗಳು. ಕಾನುಗಳ ಒಂದು ಭಾಗ ಅರಣ್ಯ ಇಲಾಖೆಯ ವಶದಲ್ಲಿದ್ದರೆ ಮತ್ತೊಂದು ಭಾಗ ಕಂದಾಯ ದಾಖಲೆಗಳಲ್ಲಿ ಉಳಿದಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ, ಹಳೆಯ ಮೈಸೂರು ಪ್ರದೇಶದ ‘ಕಾನು ಮತ್ತು ಸೊಪ್ಪಿನಬೆಟ್ಟ’ ಭೂಮಿಗಳಲ್ಲಿ ರೈತರು ಅನುಭವಿಸುತ್ತಿದ್ದ ಸೌಲಭ್ಯಗಳನ್ನು ಮುಂದುವರಿಸಿದೆ. ಇದು ಸೊಪ್ಪು, ಸೌದೆಯಂತಹ ಬಳಕೆಯ ಸೌಲಭ್ಯವೇ ಹೊರತು ಮಾಲೀಕತ್ವವಲ್ಲ. ಆದರೆ ಕಾಯುವ ಹೊಣೆ ಯಾರದೆಂಬ ಗೊಂದಲದ ನಡುವೆ ಕಾನು ವರ್ಷಕ್ಕಿಷ್ಟು ಸವೆಯುತ್ತದೆ.

ಕಾನೂನಿನಲ್ಲಿ ದಾರಿ ಇಲ್ಲದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯನ್ವಯ ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಪಾರಂಪರಿಕ ತಾಣಗಳನ್ನು ಘೋಷಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಚಿಕ್ಕಮಗಳೂರು ಜಿಲ್ಲೆಯ ಹೊಗರೆಕಾನು 2010ರಲ್ಲಿ, ಸಾಗರ ತಾಲ್ಲೂಕಿನ ಅಂಬಾರಗುಡ್ಡ 2011ರಲ್ಲಿ ಈ ಮಾನ್ಯತೆ ಪಡೆದವು. ಊರಿಗೊಂದರಂತೆ ಚದುರಿರುವ ಸಣ್ಣ ಕಾನುಗಳಿಗೆ ಮಾತ್ರ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಆಸಕ್ತಿಯೇ ಮುಖ್ಯ ಆಸರೆ.

ನಡೆಯುವವರ ಗಮನಕ್ಕೆ

* ಮೀಸಲು ಅರಣ್ಯ ಹಾಗೂ ವನ್ಯಧಾಮ ಪ್ರವೇಶಿಸಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ. ದೇವರಕಾನುಗಳಿಗೆ ಊರವರನ್ನು ಕೇಳಿಯೇ ಹೋಗಬೇಕು. ಹಲವೆಡೆ ಚಪ್ಪಲಿ ಹೊರಗೆ ಬಿಡುವ ಪದ್ಧತಿಯಿದೆ.
* ಮಂಗನ ಕಾಯಿಲೆಗೆ ಕಾರಣವಾದ ವೈರಾಣು 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆಗಳಿಂದ ಹರಡುವ ಈ ರೋಗ ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಈ ಅವಧಿಯಲ್ಲಿ ಕಾಡು ಹೊಗುವ ಮುನ್ನ ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಮೈತುಂಬ ಬಟ್ಟೆ ತೊಡಬೇಕು, ಮರಳಿದೊಡನೆ ಬಿಸಿನೀರಿನ ಸ್ನಾನ ಮಾಡಬೇಕು. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಬೇಕು. ಜ್ವರ ಬಂದರೆ ಕಾಡಿಗೆ ಹೋಗಿದ್ದುದನ್ನು ವೈದ್ಯರಿಗೆ ಹೇಳಲು ಮರೆಯಬಾರದು.
* ಮಳೆಗಾಲದಲ್ಲಿ ಉಂಬಳಗಳ ಕಾಟ ತಪ್ಪಿದ್ದಲ್ಲ. ಮಳೆ ಬಿಟ್ಟ ಅಕ್ಟೋಬರ್, ನವೆಂಬರ್ ತಿಂಗಳು ನಡಿಗೆಗೆ ಅನುಕೂಲಕರ. ಗದ್ದೆಯಲ್ಲಿ ಆಗ ಭತ್ತ ತೆನೆಗಟ್ಟಿರುತ್ತದೆ, ಹಳ್ಳಗಳಲ್ಲಿ ತಿಳಿನೀರು ಹರಿಯುತ್ತಿರುತ್ತದೆ.
* ಊರಿನ ಹಿರಿಯರೊಬ್ಬರು ಜತೆಗಿದ್ದರೆ ಮರಗಳ ಹೆಸರಿನ ಜತೆ ಹಳ್ಳ ಯಾವ ತಿಂಗಳವರೆಗೆ ಹರಿಯುತ್ತಿತ್ತು, ಈಗ ಯಾವಾಗ ನಿಲ್ಲುತ್ತದೆ ಎಂಬುದೂ ತಿಳಿಯುತ್ತದೆ.