ಆರು ವರ್ಷದಿಂದ ಓಡಿಸ್ತಿದೀನಿ ಸಾರ್, ಫೇಲ್ ಮಾಡಿದ್ರು!

ಫೋನ್-ಇನ್ ಕಾರ್ಯಕ್ರಮಕ್ಕೆ ತುರುವೇಕೆರೆ ಕಡೆಯ ಹುಡುಗನೊಬ್ಬ ಕರೆ ಮಾಡಿದ್ದ. ಸಿಟ್ಟು ನೆತ್ತಿಗೇರಿತ್ತು. "ಸಾರ್, ಆರು ವರ್ಷದಿಂದ ಬೈಕ್ ಓಡಿಸ್ತಿದೀನಿ. ತೋಟದ ಕೆಲಸ ಎಲ್ಲಾ ಅದ್ರಲ್ಲೇ. ಎರಡು ಸಲ ಟೆಸ್ಟ್ ಕೊಟ್ಟೆ, ಎರಡು ಸಲಾನೂ ಫೇಲ್ ಮಾಡಿದ್ರು. ನಮ್ಮಪ್ಪ ಏನಾದ್ರೂ ಕೊಟ್ಟು ಮಾಡಿಸ್ಕೊಂಡ್ ಬಾ ಅಂತಾರೆ. ಏನ್ ಮಾಡ್ಲಿ?"

ವಯಸ್ಸೆಷ್ಟಪ್ಪಾ ಅಂದೆ. ಇಪ್ಪತ್ತೊಂದು ಅಂದ. ಲೆಕ್ಕ ಹಾಕಿ. ಹದಿನೈದನೇ ವಯಸ್ಸಿಗೇ ಇವನ ಕೈಗೆ ಗಾಡಿ ಬಂದಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇದನ್ನ ಯಾರೂ ತಪ್ಪು ಅಂದುಕೊಳ್ಳೋದೇ ಇಲ್ಲ. ಎಕ್ಸೆಲ್ ಮೇಲೆ ಎರಡು ಮೂಟೆ ಕಾಯಿ ಹೇರಿಕೊಂಡು ಮೀಸೆ ಮೂಡದ ಹುಡುಗ ಹೊರಟರೆ "ನಮ್ಮ ಹುಡುಗ ಎಷ್ಟು ಚುರುಕು" ಅಂತಾರೆ.

ಸರಿ, ಯಾಕೆ ಫೇಲ್ ಆದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ ಹೇಳಿದ: "ಎಂಟು ಹಾಕುವಾಗ ಕಾಲು ಊರಿದೆ ಸಾರ್."

ಅಲ್ಲಿಗೆ ಉತ್ತರ ಸಿಕ್ಕಿತು. ನೋಡಿ, ನಲವತ್ತು-ಐವತ್ತರ ವೇಗದಲ್ಲಿ ಗಾಡಿ ಓಡಿಸೋದು ದೊಡ್ಡ ವಿದ್ಯೆಯೇ ಅಲ್ಲ. ವೇಗದಲ್ಲಿದ್ದಾಗ ಗಾಡಿ ತಾನಾಗೇ ನಿಂತಿರುತ್ತೆ. ಕಷ್ಟ ಇರೋದು ನಡೆಯುವ ಮನುಷ್ಯನಷ್ಟು ನಿಧಾನಕ್ಕೆ ಓಡಿಸೋದರಲ್ಲಿ. ಎಂಟು ಪರೀಕ್ಷೆ ಮಾಡೋದು ಅದನ್ನೇ. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು, ಕಾಲು ನೆಲಕ್ಕೆ ತಾಗಬಾರದು, ಗೆರೆ ದಾಟಬಾರದು. ಬೆಂಗಳೂರಿನ ಜ್ಞಾನಭಾರತಿಯಂಥ ಸ್ವಯಂಚಾಲಿತ ಪಥಗಳಲ್ಲಿ ಕ್ಯಾಮೆರಾ, ಸೆನ್ಸಾರ್ ನೋಡುತ್ತವೆ. ಬೇರೆ ಕಡೆ ಇನ್ಸ್‌ಪೆಕ್ಟರ್ ಕಣ್ಣು ನೋಡುತ್ತೆ. ಕೇಳೋದು ಎರಡೂ ಒಂದನ್ನೇ.

ಹಳ್ಳಿ ರಸ್ತೆಗೆ ಎಂಟು ಯಾಕೆ ಅಂತ ಕೇಳಬಹುದು. ಸುಗ್ಗಿ ಕಾಲದಲ್ಲಿ ಹುಳಿಯಾರಿನಿಂದ ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ತುರುವೇಕೆರೆ ಅಂತ 150ಎ ಹೆದ್ದಾರಿ ಹಿಡಿದು ಬನ್ನಿ, ಇಲ್ಲಾ ಅಕ್ಕಪಕ್ಕದ ಹಳ್ಳಿ ರಸ್ತೆಗೆ ಇಳಿದು ನೋಡಿ. ಹುರುಳಿ, ರಾಗಿ ತಂದು ಡಾಂಬರಿನ ಮೇಲೆ ಹರಡಿರುತ್ತಾರೆ, ಬರೋ ಹೋಗೋ ಗಾಡಿಗಳೇ ಒಕ್ಕಲಿ ಅಂತ. ಆ ಹುಲ್ಲಿನ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಎಲ್ಲಿ, ನೀವೆಲ್ಲಿ! ಅದಿಲ್ಲದಿದ್ದರೆ ರಸ್ತೆ ಉದ್ದಕ್ಕೂ ಗರಿ ಎಳೆದುಕೊಂಡು ಹೋಗೋರು, ಹಿಂದೆ ಕೆಂಪು ದೀಪವೇ ಇಲ್ಲದ ಟ್ರ್ಯಾಕ್ಟರ್, ತಿರುವಲ್ಲಿ ಅಡ್ಡ ನಿಂತ ಎಮ್ಮೆ. ಇಲ್ಲೆಲ್ಲಾ ಬೇಕಾಗೋದು ನಿಧಾನದ ಹಿಡಿತವೇ.

ಅಭ್ಯಾಸ ಹೇಗೆ? ಉತ್ತ ತೋಟದೊಳಗೆ ಬೇಡ. ಮಣ್ಣು ಸಡಿಲ, ಪಾತಿಗೆ ಚಕ್ರ ಇಳಿಯುತ್ತೆ. ಕಣಕ್ಕೆ ಹೋಗಿ. ಎರಡು ಕಡೆ ಕಾಯಿ ಮಟ್ಟೆ ಗುಡ್ಡೆ ಹಾಕಿ, ಮೊದಲು ಎರಡು ತೆಂಗಿನ ಮರದ ನಡುವೆ ಇರುವಷ್ಟೇ ದೂರ ಇರಲಿ. ಒಂದನ್ನ ಬಲಕ್ಕೆ, ಇನ್ನೊಂದನ್ನ ಎಡಕ್ಕೆ ಸುತ್ತಿ ಬನ್ನಿ. ಸಲೀಸಾದ ಮೇಲೆ ಗುಡ್ಡೆಗಳನ್ನ ಹತ್ತಿರ ತನ್ನಿ. ಫಸ್ಟ್ ಗೇರ್‌ನಲ್ಲೇ ಇರಿ. ಕ್ಲಚ್ ಪೂರ್ತಿ ಬಿಡಬೇಡಿ, ಪೂರ್ತಿ ಹಿಡಿಯಲೂ ಬೇಡಿ. ಗಾಡಿ ಎಳೆಯೋಕೆ ಶುರು ಮಾಡುತ್ತಲ್ಲ, ಆ ಜಾಗದಲ್ಲಿ ಕೈ ನಿಲ್ಲಿಸಿ. ಎಕ್ಸಲೇಟರ್ ಒಂದೇ ಸಮ. ವೇಗ ಹೆಚ್ಚಾಯ್ತು ಅನಿಸಿದರೆ ಬಲಗಾಲಿನ ಹಿಂದಿನ ಬ್ರೇಕ್ ಹಗುರವಾಗಿ ಒತ್ತಿ. ಹ್ಯಾಂಡಲ್ ತಿರುಗಿಸಿರುವಾಗ ಮುಂದಿನ ಬ್ರೇಕ್ ಮುಟ್ಟಲೇಬೇಡಿ, ಬಿದ್ದೇ ಬೀಳ್ತೀರ.

ಎಲ್ಲಕ್ಕಿಂತ ದೊಡ್ಡ ಗುಟ್ಟು ಕಣ್ಣಿನದು. ನಮ್ಮ ಹುಡುಗ ಮಾಡಿದ ತಪ್ಪೂ ಅದೇ. ಗೆರೆ ದಾಟ್ತೀನೇನೋ ಅಂತ ಮುಂದಿನ ಚಕ್ರವನ್ನೇ ನೋಡ್ತಿದ್ದನಂತೆ. ನೀವು ಎಲ್ಲಿ ನೋಡ್ತೀರೋ ಗಾಡಿ ಅಲ್ಲಿಗೇ ಹೋಗುತ್ತೆ. ತಲೆ ಎತ್ತಿ, ಮುಂದಿನ ತಿರುವಿನ ಕಡೆ ನೋಡಿ.

ಎಂಟು ಬಂದರೆ ಮುಗಿಯಲಿಲ್ಲ. ಹೊರಡುವ ಮುಂಚೆ ಕನ್ನಡಿ ಸರಿ ಮಾಡ್ಕೊಂಡ್ರಾ, ತಿರುಗುವ ಮುಂಚೆ ಇಂಡಿಕೇಟರ್ ಹಾಕಿದ್ರಾ, ತಿರುಗಿದ ಮೇಲೆ ತೆಗೆದ್ರಾ, ನಿಲ್ಲಿಸು ಅಂದಾಗ ತಟ್ಟನೆ ನಿಲ್ಲಿಸಿದ್ರಾ, ಇವೂ ಲೆಕ್ಕಕ್ಕೆ ಬರುತ್ತವೆ. ಹೆಲ್ಮೆಟ್ ಇಲ್ಲದೆ ಟೆಸ್ಟಿಗೆ ಹೋಗೋರೂ ಇದ್ದಾರೆ, ಏನು ಹೇಳೋಣ! ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ ಜೊತೆಗಿರಲಿ. ಯಾರದ್ದೋ ಹೊಸ ಗಾಡಿ ಇಸ್ಕೊಂಡು ಹೋಗಬೇಡಿ. ಕೈಗೆ ಪಳಗಿದ ಗಾಡಿಯೇ ವಾಸಿ.

ಕಾನೂನು ತುಂಬ ಸರಳ. ಎಲ್‌ಎಲ್ ಆದ 30 ದಿನದ ಮೇಲೆ ಟೆಸ್ಟ್ ಕೊಡಬಹುದು. ಎಲ್‌ಎಲ್ ಬಾಳಿಕೆ ಆರು ತಿಂಗಳು. ಅಲ್ಲಿವರೆಗೆ ಬಿಳಿ ಹಲಗೆಯಲ್ಲಿ ಕೆಂಪು 'ಎಲ್' ಅಕ್ಷರ ಇರಬೇಕು, ಕಲಿಸುವವರನ್ನ ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಬಾರದು. ಫೇಲಾದರೆ 7 ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ಫೇಲಾದರೆ 60 ದಿನ ಕಾಯಬೇಕು. ಬೈಕ್ ಲೈಸೆನ್ಸಿಗೆ ಇಷ್ಟು ಓದಿರಬೇಕು ಅನ್ನುವ ನಿಯಮವೇ ಇಲ್ಲ. ಇಸ್ಕೂಲಿಗೆ ಹೋಗಿಲ್ಲ, ನನಗೆಲ್ಲಿ ಕೊಡ್ತಾರೆ ಅಂತ ಸುಮ್ಮನೆ ಕೂತವರು ಇದನ್ನ ಕೇಳಿಸ್ಕೊಳ್ಳಿ.

ಇನ್ನು ನಮ್ಮ ಎಕ್ಸೆಲ್ ವಿಷಯ. "ಅದು ಮೊಪೆಡ್ಡು, ಅದಕ್ಯಾಕೆ ಲೈಸೆನ್ಸು?" ಅನ್ನೋ ಮಾತು ಈ ಸೀಮೆಯಲ್ಲಿ ಎಲ್ಲಿ ಹೋದರೂ ಕೇಳುತ್ತೆ. 16 ವರ್ಷಕ್ಕೆ ಓಡಿಸಬಹುದು ಅಂತ ಕಾಯ್ದೆ ಹೇಳೋದು 50 ಸಿಸಿ ಮೀರದ ಗಾಡಿಗೆ, ಅದಕ್ಕೂ ಲೈಸೆನ್ಸ್ ಬೇಕೇ ಬೇಕು. ಎಕ್ಸೆಲ್ 100 ಹೆಸರಲ್ಲೇ ಇದೆಯಲ್ಲ ಸ್ವಾಮಿ, ಅದು ಹೆಚ್ಚುಕಮ್ಮಿ 100 ಸಿಸಿ! 18 ತುಂಬಲೇಬೇಕು. ಇನ್ನೊಂದು, ಎಕ್ಸೆಲ್‌ನಲ್ಲಿ ಟೆಸ್ಟ್ ಕೊಟ್ಟರೆ ಸಿಗೋದು ಗೇರ್ ಇಲ್ಲದ ಗಾಡಿಯ ಲೈಸೆನ್ಸ್. ಅದನ್ನ ಜೇಬಲ್ಲಿಟ್ಟುಕೊಂಡು ಸ್ಪ್ಲೆಂಡರ್ ಓಡಿಸಿದರೆ ಲೈಸೆನ್ಸ್ ಇಲ್ಲದಂಗೇ ಲೆಕ್ಕ.

"ಹಿಡಿದರೆ ದಂಡ ಕಟ್ಟಿದ್ರಾಯ್ತು" ಅನ್ನೋರಿಗೆ ಒಂದು ಮಾತು. ದಂಡ ಬಿಡಿ, ಅದು ಚಿಲ್ಲರೆ. ಎದುರಿಗೆ ಬಂದವನಿಗೆ ನಿಮ್ಮ ಗಾಡಿ ಬಡಿದು ಅವನು ಹೋಗಿಬಿಟ್ಟ ಅಂತಿಟ್ಕೊಳ್ಳಿ. ಇನ್ಶೂರೆನ್ಸ್ ಇದೆ, ಆದರೆ ಓಡಿಸ್ತಿದ್ದವನಿಗೆ ಲೈಸೆನ್ಸ್ ಇಲ್ಲ. ಇಂಥ ಪ್ರಕರಣಗಳಲ್ಲಿ ಕಂಪನಿ ಮೊದಲು ಸತ್ತವನ ಮನೆಯವರಿಗೆ ಪರಿಹಾರ ಕೊಟ್ಟು, ಆಮೇಲೆ ಅದನ್ನ ಗಾಡಿ ಮಾಲೀಕನಿಂದ ವಸೂಲಿ ಮಾಡಬಹುದು. ಸುಪ್ರೀಂ ಕೋರ್ಟ್ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲೇ ಈ ದಾರಿ ತೋರಿಸಿದೆ. ಮಾಲೀಕ ಯಾರು? ಅಪ್ಪ. ಅಪ್ಪನ ಹತ್ರ ಇರೋದೇನು? ತೋಟ. ಇನ್ನು ಗಾಡಿ ಮಾಲೀಕನೇ ಓಡಿಸುವಾಗ ಸತ್ತರೆ ಮನೆಯವರಿಗೆ ಬರಬೇಕಾದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆಯಲ್ಲ, ಅದಕ್ಕೂ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು ಅನ್ನೋದೇ ಷರತ್ತು. ಉಂಡೆ ಕೊಬ್ಬರಿಗೆ ಅಂತ ವರ್ಷಗಟ್ಟಲೆ ಕಾಯಿ ಅಟ್ಟದ ಮೇಲಿಟ್ಟು ಕಾಯೋ ಜನ ನಾವು. ಲೈಸೆನ್ಸಿಗೆ ಒಂದು ತಿಂಗಳು ಕಾಯೋಕಾಗಲ್ವಾ?

ಚಿಕ್ಕ ಹುಡುಗರ ಕೈಗೆ ಕೀ ಕೊಡುವವರಿಗೆ 2019ರ ತಿದ್ದುಪಡಿ ಇನ್ನೂ ಖಾರವಾಗಿದೆ. ಅಪ್ರಾಪ್ತ ಓಡಿಸಿ ತಪ್ಪೆಸಗಿದರೆ ಪೋಷಕರಿಗೋ ಮಾಲೀಕರಿಗೋ 3 ವರ್ಷದವರೆಗೆ ಜೈಲು, 25 ಸಾವಿರ ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು, ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೇ ಇಲ್ಲ.

"ಏನಾದ್ರೂ ಕೊಟ್ಟು ಮಾಡಿಸ್ಕೊಂಡ್ ಬಾ" ಅಂದ ಅಪ್ಪನಿಗೆ ಫೋನ್ ಕೊಡು ಅಂದೆ. ಕೊಟ್ಟ. ಯಜಮಾನ್ರೇ, ದುಡ್ಡು ಕೊಟ್ಟರೆ ಕಾರ್ಡ್ ಸಿಗಬಹುದು, ಹುರುಳಿ ಹುಲ್ಲಿನ ಮೇಲೆ ಗಾಡಿ ಜಾರಿದಾಗ ದಲ್ಲಾಳಿ ಬಂದು ಹ್ಯಾಂಡಲ್ ಹಿಡೀತಾನಾ ಅಂದೆ. ನಕ್ಕರು. ನಿಮ್ಮ ಲೈಸೆನ್ಸ್ ಸರಿಯಿದೆಯಾ ಅಂತಲೂ ಕೇಳಿದೆ. "ಇದೆ ಸಾರ್, ಇಪ್ಪತ್ತು ವರ್ಷದ ಹಿಂದೇನೇ ಮಾಡಿಸಿದ್ದು" ಅಂದರು. ತೆಗೆದು ನೋಡಿ ಅಂದೆ. ಹಳೇ ನಿಯಮದ ಪ್ರಕಾರ ಐವತ್ತಕ್ಕೇ ಮುಗಿದಿದೆ. ಅವರಿಗೀಗ ಐವತ್ತೆರಡು. ಅವಧಿ ಮುಗಿದು ವರ್ಷ ದಾಟಿದರೆ ನವೀಕರಣಕ್ಕೆ ಮತ್ತೆ ಟೆಸ್ಟ್ ಕೊಡಬೇಕು, ನಲವತ್ತು ದಾಟಿದ್ದರಿಂದ ಡಾಕ್ಟರ್ ಸರ್ಟಿಫಿಕೇಟೂ ಬೇಕು.

"ಹಂಗಾದ್ರೆ ನಾನೂ ಎಂಟು ಹಾಕ್ಬೇಕಾ ಸಾರ್?" ಅಂದರು.

ಹಾಕಬೇಕು ಅಂದೆ. ಮಟ್ಟೆ ಗುಡ್ಡೆ ಹೇಗೂ ಮಗ ಹಾಕಿರ್ತಾನೆ.