ಎದೆಯ ನೆರಳಿನ ಅಳತೆ

ಶಿರಸಿಯಿಂದಲೋ ಯಲ್ಲಾಪುರದಿಂದಲೋ ಹುಬ್ಬಳ್ಳಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ, ಅಗಲವಾದ ಎಕ್ಸ್‌ರೇ ಲಕೋಟೆಯನ್ನು ಮಡಿಕೆ ಬೀಳದಂತೆ ತೊಡೆಯ ಮೇಲೆ ಹಿಡಿದು ಕುಳಿತವರೊಬ್ಬರನ್ನಾದರೂ ಕಾಣದ ದಿನ ವಿರಳ. ಒಳಗಿನ ವರದಿಯಲ್ಲಿ ‘ಹೃದಯ ದೊಡ್ಡದಾಗಿದೆ’ ಎಂದಿದ್ದರೆ ಮನೆಮಂದಿಯ ಮುಖವೆಲ್ಲ ಬಾಡುತ್ತದೆ. ‘ಗಾತ್ರ ಸಹಜ’ ಎಂದಿದ್ದರೆ ಮೆಟ್ಟಿಲೇರಲು ಏದುಸಿರು ಬಿಡುವವನೂ ನಿಶ್ಚಿಂತನಾಗುತ್ತಾನೆ. ಭಯವೂ ನಿಶ್ಚಿಂತೆಯೂ ಆ ಚಿತ್ರವು ಕೊಡಲಾರದ ನಿಶ್ಚಯವನ್ನು ಅದರಿಂದ ಅಪೇಕ್ಷಿಸುತ್ತವೆ.

1895ರ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಜನ್ ಕಂಡ ಕ್ಷಕಿರಣವು ನಮಗೀಯುವುದು ಹೃದಯದ ನೆರಳನ್ನು. ನೆರಳಿನ ಸ್ವಭಾವವನ್ನು, ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿ ಚಿಮಣಿಯ ಮುಂದೆ ಕೈಯಾಡಿಸಿದ ಮಲೆನಾಡಿನ ಮಗುವೂ ಬಲ್ಲದು: ದೀಪದ ಹತ್ತಿರ ಒಯ್ದ ಹಸ್ತವು ಗೋಡೆಯ ಮೇಲೆ ರಾಕ್ಷಸಾಕಾರ ತಾಳುತ್ತದೆ, ಗೋಡೆಗೆ ತಾಗಿಸಿದರೆ ನಿಜದಳತೆಗೆ ಇಳಿಯುತ್ತದೆ. ಹೃದಯವಿರುವುದು ಎದೆಯ ಮುಂಭಾಗದಲ್ಲಿ. ಆದ್ದರಿಂದಲೇ ನಿಲ್ಲಬಲ್ಲ ರೋಗಿಯ ಎದೆಯನ್ನು ಫಲಕಕ್ಕೊತ್ತಿಸಿ, ಬೆನ್ನ ಹಿಂದೆ ಆರಡಿ ದೂರದಿಂದ ಕಿರಣ ಹಾಯಿಸುತ್ತ, ‘ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ’ ಎನ್ನುವರು. ಹಾಸಿಗೆಯಿಂದ ಏಳಲಾರದವನಿಗಾದರೋ ಫಲಕ ಬೆನ್ನಡಿಗೆ, ಯಂತ್ರ ಎದೆಯ ಮೇಲೆ. ಮೊದಲ ಭಂಗಿಯಲ್ಲಿ ಕಿರಣಮೂಲ 180 ಸೆಂಟಿಮೀಟರ್, ಹೃದಯ 8 ಸೆಂಟಿಮೀಟರ್ ಫಲಕದಿಂದ ದೂರವಿದೆಯೆಂದು ಗಣಿಸಿದರೆ ನೆರಳು ಹಿಗ್ಗುವುದು ನೂರಕ್ಕೆ 5ರಷ್ಟು. ಎರಡನೆಯದರಲ್ಲಿ 100 ಮತ್ತು 15 ಎಂದಾದರೆ ನೂರಕ್ಕೆ 18ರ ಸಮೀಪ. ಎದೆಗೂಡಿನ ನೆರಳೂ ಹಿಗ್ಗುವುದಾದರೂ ಹೃದಯದಷ್ಟಲ್ಲ. ಮೇಲಾಗಿ ಮಲಗಿದವನ ವಪೆಯು ಮೇಲೇರಿ ಹೃದಯವನ್ನು ಅಡ್ಡಕ್ಕೆ ಒತ್ತುತ್ತದೆ.

ಅಳತೆಯ ಕ್ರಮವನ್ನು 1919ರಲ್ಲಿ ಡಾಂಜರ್ ಎಂಬ ವೈದ್ಯನು ಪ್ರತಿಪಾದಿಸಿದನು. ಉದಾಹರಣೆಗೆ, ನಡುಗೆರೆಯಿಂದ ಹೃದಯದ ಅಂಚು ಬಲಕ್ಕೆ 4.5, ಎಡಕ್ಕೆ 9.5, ಕೂಡಿ 14 ಸೆಂಟಿಮೀಟರ್. ಎದೆಗೂಡಿನ ಒಳಗಲ 27. ಅನುಪಾತ 0.52. ವಯಸ್ಕರಲ್ಲಿ ಅರ್ಧವನ್ನು ಮೀರಿದರೆ ಹಿಗ್ಗಿದೆಯೆಂದು ಶಂಕಿಸುವುದು ರೂಢಿ. ಎಳೆಯ ಶಿಶುಗಳಲ್ಲಿ 0.6ರವರೆಗೂ ಸಹಜವೇ. ಉಸಿರನ್ನು ಅರ್ಧವೇ ಎಳೆದ ಮಾತ್ರಕ್ಕೆ ಸಹಜ ಹೃದಯವೂ ಅರ್ಧದ ಗೆರೆಯ ಆಚೆಗೆ ಜಾರೀತು.

ಹೀಗೆ ಇಲ್ಲದ ಹಿಗ್ಗನ್ನು ಕಾಣುವುದಕ್ಕಿಂತ ನನ್ನನ್ನು ಕಳವಳಗೊಳಿಸುವುದು ಎದುರು ಬಗೆಯ ತಪ್ಪು. ಬಹುಕಾಲ ಔಷಧವಿಲ್ಲದೆ ಉಳಿದ ರಕ್ತದೊತ್ತಡದಿಂದ ಹೃದಯದ ಭಿತ್ತಿ ಒಳಮುಖವಾಗಿ ದಪ್ಪವಾಗುತ್ತ ಹೋಗಬಹುದು. ಮನೆಯ ಗೋಡೆಗೆ ಒಳಗಿನಿಂದಲೇ ಚಿರೇಕಲ್ಲು ಕಟ್ಟುತ್ತ ಹೋದರೆ ಕೋಣೆ ಕಿರಿದಾಗುತ್ತದೆ. ಅಂಗಳದಲ್ಲಿ ನಿಂತವನಿಗೆ ಮನೆ ಮೊದಲಿನಂತೆಯೇ ತೋರುತ್ತದೆ. ನೆರಳು ಅಂಗಳದಲ್ಲಿ ನಿಂತವನ ಸಾಕ್ಷ್ಯ. ಕೋಣೆಯ ಅಗಲ, ಗೋಡೆಯ ದಪ್ಪ, ಕವಾಟಗಳ ಚಲನೆ ಇವನ್ನು ಕಾಣಲು 1953ರಲ್ಲಿ ಸ್ವೀಡನ್ನಿನ ಲುಂಡಿನಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಆರಂಭಿಸಿದ ‘ಎಕೋ’ ಪರೀಕ್ಷೆಯೇ ಬೇಕು. ಹೃದಯವನ್ನು ಸುತ್ತಿದ ಚೀಲದಲ್ಲಿ ನೀರು ತುಂಬಿ ನೆರಳು ಬಿಂದಿಗೆಯಂತೆ ಉಬ್ಬಿದಾಗಲೂ, ಹಿಗ್ಗಿದ್ದು ಹೃದಯವಲ್ಲವೆಂದು ಸ್ಪಷ್ಟಪಡಿಸುವುದು ಅದೇ.

ದೊಡ್ಡ ಚಿಕಿತ್ಸೆಯೆಂದರೆ ಹುಬ್ಬಳ್ಳಿ, ಶಿವಮೊಗ್ಗ, ಮಣಿಪಾಲಗಳ ಹಾದಿ ಹಿಡಿಯಬೇಕಾದ, 2022ರಲ್ಲಿ ಸುಸಜ್ಜಿತ ಆಸ್ಪತ್ರೆಗಾಗಿ ಕೂಗೆಬ್ಬಿಸಿದ, ಶಿರಸಿ-ಯಲ್ಲಾಪುರಗಳ ಈ ಜಿಲ್ಲೆಯಲ್ಲಿ, ಹೊರಡಬೇಕಾದವರು ಯಾರೆಂಬ ವಿವೇಚನೆ ಬಹು ಬೆಲೆಯುಳ್ಳದ್ದು. ರಾತ್ರಿ ಎರಡು ದಿಂಬಿಲ್ಲದೆ ಮಲಗಲಾರದ, ಸಂಜೆಗೆ ಪಾದ ಬಾತುಕೊಳ್ಳುವ ಸಿದ್ದಾಪುರದ ಅಡಕೆ ಕೃಷಿಕನು, ಚಿತ್ರ ಏನೇ ಹೇಳಲಿ, ಎಕೋಗೆ ಹೋಗತಕ್ಕವನು. ಮಲಗಿಸಿ ತೆಗೆದ ಚಿತ್ರವೊಂದನ್ನೇ ನೋಡಿ ಕಂಗೆಟ್ಟವನು ಮಾತ್ರ, ಮೊದಲು ಅದರ ಮೂಲೆಯಲ್ಲಿ ಎದೆಯ ಕಡೆಯಿಂದ ಕಿರಣ ಹಾಯಿಸಿದ್ದನ್ನು ಸೂಚಿಸುವ ‘ಎಪಿ’ ಎಂಬ ಎರಡಕ್ಷರವಿದೆಯೇ ಎಂದು ತನ್ನ ವೈದ್ಯರನ್ನು ಕೇಳಲಿ.