ನೀರಿಲ್ಲದಿದ್ದರೆ ಏಳದ ಮುಳ್ಳು

ಮಾಗಿಯ ಚಳಿ ಮುಗಿದು ವಿಜಯಪುರ ಕಡೆಯ ಗೊಳಸಂಗಿ ಸೀಮೆಯ ಎರೆಹೊಲಗಳಲ್ಲಿ ಬಿಳಿಜೋಳದ ರಾಶಿ ಶುರುವಾಯಿತೆಂದರೆ ಹಳೆಯ ಟ್ರ್ಯಾಕ್ಟರುಗಳಿಗೆ ನಿಜವಾದ ಪರೀಕ್ಷೆ. ಉಳುವಾಗ ಗಾಡಿ ಮುಂದೆ ಸಾಗುತ್ತದೆ, ಧೂಳು ಹಿಂದೆ ಉಳಿಯುತ್ತದೆ. ರಾಶಿ ಮಷೀನಿಗೆ ಜೋಡಿಸಿದರೆ ಹಾಗಲ್ಲ, ನಿಂತಲ್ಲೇ ತಾಸುಗಟ್ಟಲೆ ಎಂಜಿನ್ ಓಡಬೇಕು. ಸುತ್ತ ಹಾರುವ ಹೊಟ್ಟನ್ನು ಫ್ಯಾನು ತನ್ನತ್ತ ಎಳೆದುಕೊಳ್ಳುತ್ತದೆ. ನೋಡನೋಡುತ್ತ ರೇಡಿಯೇಟರಿನ ಜಾಳಿಗೆ ಕಂಬಳಿ ಹೊದ್ದಂತಾಗುತ್ತದೆ. ಡ್ರೈವರ್ ಆಗಾಗ ಇಳಿದು ಗೋಣಿಚೀಲದಿಂದ ಅದನ್ನು ಬಡಿದು, ಮತ್ತೆ ಹತ್ತಿ, ಮೊದಲು ನೋಡುವುದು ಎಂಜಿನ್ ನೀರಿನ ಬಿಸಿ ತೋರಿಸುವ ಮೀಟರಿನ ಮುಳ್ಳನ್ನು.

ಆದರೆ ಪಳಗಿದವರು ಮುಳ್ಳನ್ನು ಪೂರ್ತಿ ನಂಬುವುದಿಲ್ಲ. “ನೀರ ಖಾಲಿ ಆದ್ರ ಮುಳ್ಳು ಏಳೂದ ಇಲ್ರಿ” ಎನ್ನುತ್ತಾರೆ. ಎಂಜಿನ್ನಿನ ಹೆಡ್ಡು ಸುಡುತ್ತಿದ್ದರೂ ಮುಳ್ಳು ಏನೂ ಆಗಿಲ್ಲವೆಂಬಂತೆ ಕೆಳಗೆ ಕೂತಿರುತ್ತದೆ. ಮೀಟರ್ ಕೆಟ್ಟಿರುವುದಿಲ್ಲ. ಅದು ಹುಟ್ಟಿಬಂದ ದಾರಿಯನ್ನು ನೋಡಿದರೆ ಈ ಕುರುಡು ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಡೀಸೆಲ್ ಉರಿದು ಹುಟ್ಟುವ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನು ನೀರು ಹೊತ್ತು ಹೊರಹಾಕಬೇಕು. ಮೊದಮೊದಲ ಮೋಟಾರುಗಳಲ್ಲಿ ಆ ನೀರು ಎಷ್ಟು ಕಾದಿದೆ ಎಂದು ತಿಳಿಯಲು ಸಾಧನವೇ ಇರಲಿಲ್ಲ. ಹಬೆ ಎದ್ದಾಗಲೇ ಗೊತ್ತಾಗುತ್ತಿತ್ತು, ಅಷ್ಟೊತ್ತಿಗೆ ತಡವಾಗಿರುತ್ತಿತ್ತು. 1912ರ ಸುಮಾರಿಗೆ ಅಮೆರಿಕದಲ್ಲಿ ಹ್ಯಾರಿಸನ್ ಬಾಯ್ಸ್ ಎಂಬಾತ ತಂದ ಮೋಟೊಮೀಟರ್ ಇದಕ್ಕೆ ಸಿಕ್ಕ ಸರಳ ಉಪಾಯ. ರೇಡಿಯೇಟರಿನ ಮುಚ್ಚಳದ ಮೇಲೇ ಒಂದು ಗಾಜಿನ ಥರ್ಮಾಮೀಟರ್, ಒಳಗೆ ಕೆಂಪು ದ್ರವ. ಚಾಲಕ ಕೂತಲ್ಲಿಂದಲೇ, ಬಾನೆಟ್ಟಿನ ಉದ್ದಕ್ಕೂ ದೃಷ್ಟಿ ಹಾಯಿಸಿ ಕೆಂಪು ಎಷ್ಟು ಏರಿದೆ ಎಂದು ನೋಡಬಹುದಿತ್ತು.

ಇದರಲ್ಲಿ ನನಗೆ ಜಾಣತನವಾಗಿ ಕಾಣುವುದು ಗಾಜಲ್ಲ, ಅದನ್ನು ಇಟ್ಟ ಜಾಗ. ಥರ್ಮಾಮೀಟರಿನ ಬುಡ ನೀರಿನಲ್ಲಿ ಮುಳುಗಿರಲಿಲ್ಲ. ನೀರಿನ ಮೇಲಿನ ಖಾಲಿ ಜಾಗದಲ್ಲಿ, ಆವಿಯಲ್ಲಿ ಇತ್ತು. ಫೋರ್ಡ್ ಮಾಡೆಲ್ ಟಿಯಂಥ ಕಾರುಗಳಲ್ಲಿ ನೀರಿನ ಪಂಪಿರಲಿಲ್ಲ. ಬಿಸಿನೀರು ತಾನಾಗಿ ಮೇಲೇರಿ, ತಣಿದದ್ದು ಕೆಳಗಿಳಿದು ಸುತ್ತುತ್ತಿತ್ತು. ನೀರಿನ ಮಟ್ಟ ಮೇಲಿನ ಪೈಪಿಗಿಂತ ಇಳಿದರೆ ಆ ಸುತ್ತು ನಿಂತು, ಎಂಜಿನ್ನಿನಲ್ಲಿ ಉಳಿದ ನೀರು ಕುದಿದು ಹಬೆ ಮುಚ್ಚಳದತ್ತ ನುಗ್ಗುತ್ತಿತ್ತು. ಕೆಂಪು ದ್ರವ ಏರುತ್ತಿತ್ತು. ನೀರು ಕಮ್ಮಿಯಾದಾಗಲೂ ಎಚ್ಚರಿಸುವ ಗುಣ ಅದಕ್ಕೆ ಇಟ್ಟ ಜಾಗದಿಂದಲೇ ಬಂದದ್ದು.

ಮುಂದೆ ಎರಡು ಬದಲಾವಣೆಗಳು ಅದನ್ನು ಮೂಲೆಗೆ ತಳ್ಳಿದವು. ರೇಡಿಯೇಟರು ಬಾನೆಟ್ಟಿನೊಳಗೆ ಅಡಗಿತು. ಜತೆಗೆ ಒತ್ತಡ ಹಿಡಿಯುವ ಮುಚ್ಚಳ ಬಂತು. ಸಮುದ್ರಮಟ್ಟಕ್ಕಿಂತ ಐನೂರು ಮೀಟರಿಗೂ ಮೇಲಿರುವ ನಮ್ಮ ವಿಜಯಪುರದ ಕಡೆ ಬರಿಯ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಚದರ ಇಂಚಿಗೆ 7 ಪೌಂಡು ಒತ್ತಡ ಹಿಡಿಯುವ ಮುಚ್ಚಳ ಬಿಗಿದರೆ ಕುದಿಯುವ ಬಿಂದು 110ರ ಹತ್ತಿರ ಹೋಗುತ್ತದೆ. ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುವ ಊರಿಗೆ ಈ ಹನ್ನೆರಡು ಡಿಗ್ರಿ ದೊಡ್ಡ ಆಸರೆ. ಕಾದ ಗಾಡಿಯ ಮುಚ್ಚಳ ತೆಗೆದು ಮುಖ ಸುಟ್ಟುಕೊಳ್ಳುವುದೂ ಇದೇ ಒತ್ತಡದಿಂದ.

ಈಗ ಮೀಟರನ್ನು ಚಾಲಕನ ಮುಂದೆ ತರಬೇಕಿತ್ತು. ಅದಕ್ಕೆ ಒದಗಿದ್ದು ಇನ್ನೂ ಹಳೆಯ ಶೋಧ. ಪ್ಯಾರಿಸ್ಸಿನ ಯೂಜೀನ್ ಬುರ್ಡೋನ್ ಕಾರ್ಖಾನೆಯಲ್ಲಿ ಸುರುಳಿ ಸುತ್ತುವಾಗ ಒಂದು ಕೊಳವೆ ಚಪ್ಪಟೆಯಾಯಿತು. ಅದನ್ನು ಮತ್ತೆ ದುಂಡಗೆ ಮಾಡಲು ಒಳಗೆ ನೀರಿನ ಒತ್ತಡ ಕೊಟ್ಟರೆ, ಸುರುಳಿಯೇ ಬಿಚ್ಚಿಕೊಳ್ಳತೊಡಗಿತು. ಒತ್ತಡ ಹೆಚ್ಚಿದಷ್ಟೂ ಚಪ್ಪಟೆ ಕೊಳವೆ ನೆಟ್ಟಗಾಗುತ್ತದೆ ಎಂದು ಕಂಡುಕೊಂಡ ಆತ 1849ರಲ್ಲಿ ಪೇಟೆಂಟ್ ಪಡೆದ. ಹಳೆಯ ಟ್ರ್ಯಾಕ್ಟರಿನ ತಂತಿಯಿಲ್ಲದ ಮೀಟರಿನ ಹಿಂದಿರುವುದು ಅದೇ ಕೊಳವೆ. ಹೆಡ್ಡಿನ ಬಳಿ ನೀರಿನಲ್ಲಿ ಮುಳುಗಿದ ಹಿತ್ತಾಳೆಯ ಗುಂಡಿನೊಳಗೆ ಈಥರಿನಂಥ ಬೇಗ ಆವಿಯಾಗುವ ದ್ರವ, ಅಲ್ಲಿಂದ ಡ್ಯಾಶ್‌ಬೋರ್ಡಿನವರೆಗೆ ಕೂದಲೆಳೆಯಷ್ಟು ರಂಧ್ರದ ತಾಮ್ರದ ಕೊಳವೆ. ನೀರು ಕಾದಷ್ಟೂ ಒಳಗಿನ ಆವಿಯ ಒತ್ತಡ ಏರಿ, ಮೀಟರಿನ ಚಪ್ಪಟೆ ಕೊಳವೆ ಬಿಚ್ಚಿಕೊಂಡು ಮುಳ್ಳನ್ನು ತಳ್ಳುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಕೊಳವೆ ಮುರಿದರೆ ಮಾತ್ರ ಒಳಗಿನದು ಆರಿಹೋಗುತ್ತದೆ, ಬೆಸೆದರೂ ಉಪಯೋಗವಿಲ್ಲ.

ಇನ್ನೊಂದು ಬಗೆಯದು ಒಂಟಿ ತಂತಿಯ ಸೆನ್ಸರ್. 1833ರಲ್ಲಿ ಮೈಕೆಲ್ ಫ್ಯಾರಡೆ ಬೆಳ್ಳಿಯ ಸಲ್ಫೈಡನ್ನು ಕಾಯಿಸಿದಾಗ ಅದರೊಳಗೆ ವಿದ್ಯುತ್ತು ಮೊದಲಿಗಿಂತ ಸರಾಗವಾಗಿ ಹರಿಯಿತು. ಲೋಹಗಳಲ್ಲಿ ಕಾಣುವುದಕ್ಕೆ ಇದು ತೀರಾ ವಿರುದ್ಧ. ಬಳಕೆಗೆ ಬರುವಂಥ ಥರ್ಮಿಸ್ಟರ್ ಆಗಲು ಇದಕ್ಕೆ ಸುಮಾರು ನೂರು ವರ್ಷ ಬೇಕಾಯಿತು. ಸೆನ್ಸರ್ ಬಿಸಿಯಾದಷ್ಟೂ ಕರೆಂಟು ಹೆಚ್ಚು ಹರಿದು ಮುಳ್ಳು ಮೇಲೇಳುತ್ತದೆ. ಹೀಗಾಗಿ ತಂತಿ ಕಡಿದರೆ ಮುಳ್ಳು ತಣ್ಣಗಿನ ಕಡೆ ಬಿದ್ದಿರುತ್ತದೆ. ಮೆಕ್ಯಾನಿಕ್ ಚಾವಿ ಹಾಕಿ, ಸೆನ್ಸರಿನ ತಂತಿ ಬಿಚ್ಚಿ ಎಂಜಿನ್ನಿಗೆ ಮುಟ್ಟಿಸುವುದು ಇದಕ್ಕೇ. ಮುಳ್ಳು ಸರ್ರನೆ ಕೆಂಪಿಗೆ ಹೋದರೆ ಮೀಟರೂ ತಂತಿಯೂ ಸರಿ, ಸೆನ್ಸರನ್ನೇ ಅನುಮಾನಿಸಬೇಕು. ಸೆನ್ಸರಿನ ತಿರುಪಿಗೆ ಬಿಳಿ ಟೇಪು ದಪ್ಪಗೆ ಸುತ್ತಿದ್ದರೆ ಅರ್ಥಿಂಗು ಸಿಗದೆಯೂ ಮುಳ್ಳು ಸುಳ್ಳು ಹೇಳುತ್ತದೆ.

ಎರಡೂ ಬಗೆಯಲ್ಲಿ ಅಳೆಯುವ ತುದಿ ಆವಿಯನ್ನು ಬಿಟ್ಟು ನೀರಿಗೆ ಇಳಿಯಿತು. ಅಲ್ಲೇ ಮೋಟೊಮೀಟರಿನ ಗುಣ ಕಳೆದುಹೋಯಿತು. ಹೋಸು ಒಡೆದು ನೀರೆಲ್ಲ ಸುರಿದರೆ ಗುಂಡು ಖಾಲಿ ಜಾಗದಲ್ಲಿ ನಿಲ್ಲುತ್ತದೆ. ನೀರು ಮುಟ್ಟಿಸಿದಷ್ಟು ಶಾಖವನ್ನು ಗಾಳಿ ಮುಟ್ಟಿಸಲಾರದು. ಹೆಡ್ ಗ್ಯಾಸ್ಕೆಟ್ ಹಾರುವವರೆಗೂ ಮುಳ್ಳು ಸುಮ್ಮನಿರುವುದು ಇದರಿಂದ. ರೇಡಿಯೇಟರಿಗೆ ಬೋರಿನ ಸವಳು ನೀರು ಸುರಿಯುವ ರೂಢಿ ಇನ್ನೊಂದು ಪೆಟ್ಟು. ಗುಂಡಿಗೆ ಉಪ್ಪು ಕಟ್ಟಿ, ಶಾಖ ತಡವಾಗಿ ತಲುಪುತ್ತದೆ. ಡಬ್ಬಿಯ ಕೂಲಂಟ್ ದುಬಾರಿ ಎನ್ನುವವರು ಹೆಡ್ ಇಳಿಸಿ ಫೇಸಿಂಗ್ ಮಾಡಿಸಿದ ಬಿಲ್ಲನ್ನು ಒಮ್ಮೆ ಪಕ್ಕದಲ್ಲಿಟ್ಟು ನೋಡಲಿ.

ಕಾರು ತಯಾರಕರು ಈ ಕುರುಡನ್ನು ಗುರುತಿಸದೆ ಇರಲಿಲ್ಲ. 1990ರ ದಶಕದಲ್ಲಿ ಫೋರ್ಡ್ ತನ್ನ ಕೆಲವು ಎಂಜಿನ್ನುಗಳಲ್ಲಿ ಸೆನ್ಸರನ್ನು ನೀರಿಗೆ ಬಿಡದೆ ಹೆಡ್ಡಿನ ಲೋಹಕ್ಕೇ ಕೂರಿಸಿತು. ನೀರಿರಲಿ ಬಿಡಲಿ, ಲೋಹ ಕಾದರೆ ತಿಳಿಯುತ್ತದೆ.

ಹಳೆಯ ಮ್ಯಾಸಿ ಟ್ರ್ಯಾಕ್ಟರಿಗೋ ಎಚ್‌ಎಂಟಿಗೋ ಇದನ್ನು ಅಳವಡಿಸುವುದು ಕಷ್ಟವಲ್ಲ. ಉಂಗುರದಾಕಾರದ ಸೆನ್ಸರನ್ನು ಥರ್ಮೋಸ್ಟಾಟ್ ಮನೆಯ ಬೋಲ್ಟಿನ ಕೆಳಗೆ ಕೂರಿಸಿ, ಸಣ್ಣ ಡಿಜಿಟಲ್ ಮೀಟರಿಗೆ ತಂತಿ ಎಳೆದರಾಯಿತು. ಹೆಡ್ ಬೋಲ್ಟು ಮಾತ್ರ ಸಡಿಲಿಸಬಾರದು. ಹಳೆಯ ಮುಳ್ಳನ್ನೂ ಕೀಳುವುದು ಬೇಡ. ಲೋಹದ ಅಂಕಿ ನೀರಿನ ಅಂಕಿಗೆ ತಾಳೆಯಾಗದು. ಬರಿ ಟ್ರೇಲರ್ ಎಳೆದಾಗ ಎಷ್ಟು, ಪಲ್ಟಿ ನೇಗಿಲು ಹೊಡೆಯುವಾಗ ಎಷ್ಟು, ರಾಶಿಯಲ್ಲಿ ನಿಂತಾಗ ಎಷ್ಟು ಎಂದು ಮಡ್‌ಗಾರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಬೇಕು. ಅದಕ್ಕಿಂತ ಹತ್ತು ಡಿಗ್ರಿ ಏರಿದ ದಿನ ಗಾಡಿ ನಿಲ್ಲಿಸಿ ಮೊದಲು ಹೋಸು ನೋಡಬೇಕು.